ಎಚ್‌ಐ ಟೈಟರ್ ಎರಡನೇ ಪ್ಲೇಟಿನಲ್ಲಿ 2 ಲಾಗ್ ಏರಿದೆ, ಯಾವುದನ್ನು ನಂಬಬೇಕು?

ಪ್ರಶ್ನೆ:
ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟ ಲಸಿಕೆ ಹಾಕಿ 21ನೇ ದಿನ ತೆಗೆದ ಕೋಳಿ ಸೀರಂಗಳ ಎಚ್‌ಐ ಪರೀಕ್ಷೆ ಇದು (ವೈರಸ್ ರಕ್ತಕಣಗಳನ್ನು ಗುಚ್ಛಗಟ್ಟಿಸುವುದನ್ನು ಸೀರಂನ ಆಂಟಿಬಾಡಿ ಎಷ್ಟು ತೆಳುವಾಗುವವರೆಗೆ ತಡೆಯುತ್ತದೆ ಎಂದು ನೋಡುವುದು; ಆ ಕೊನೆಯ ಹಂತವೇ ಟೈಟರ್). ಮೊದಲ ಪ್ಲೇಟಿನಲ್ಲಿ ಹೆಚ್ಚಿನವು 5–6 ಲಾಗ್2 (ಒಂದು ಲಾಗ್ ಎಂದರೆ ಎರಡು ಪಟ್ಟು; 6 ಎಂದರೆ 1:64). ಮೂರು ದಿನ ಬಿಟ್ಟು ಅದೇ ಸೀರಂ, ಅದೇ ಆಂಟಿಜನ್ (ಪರೀಕ್ಷೆಗೆ ಬಳಸುವ ವೈರಸ್) ಹಾಕಿದರೆ 7–8. ಪಾಸಿಟಿವ್ ಕಂಟ್ರೋಲ್ ಸೀರಂ (ಆಂಟಿಬಾಡಿ ಇದೆಯೆಂದು ಮೊದಲೇ ಗೊತ್ತಿರುವುದು) ಸಹ 6ರಿಂದ 8ಕ್ಕೆ ಏರಿದೆ. ಎಚ್‌ಎ ಟೈಟರ್ (ಸೀರಂ ಇಲ್ಲದೆ ವೈರಸ್ ಎಷ್ಟು ತೆಳುವಾಗುವವರೆಗೆ ಕಣಗಳನ್ನು ಗುಚ್ಛಗಟ್ಟಿಸುತ್ತದೆ ಎಂಬುದು) ಎರಡೂ ದಿನ 1:128 ಬಂದಿದ್ದರಿಂದ 4 ಯೂನಿಟ್ (ಒಂದು ಯೂನಿಟ್ ಎಂದರೆ ಗುಚ್ಛಗಟ್ಟಿಸಲು ಸಾಕಾಗುವ ಕನಿಷ್ಠ ವೈರಸ್) ಸಿಗಲೆಂದು ಆಂಟಿಜನ್ನನ್ನು 1:32ಕ್ಕೆ ತೆಳು ಮಾಡಲಾಗಿತ್ತು. ವ್ಯತ್ಯಾಸವೆಂದರೆ, ಮೊದಲ ದಿನ ಎಲ್ಲವೂ 25 ಮೈಕ್ರೋಲೀಟರ್. ಎರಡನೇ ದಿನ ಎಚ್‌ಎಯಲ್ಲಿ ವೈರಸ್ 50, ರಕ್ತಕಣ 50. ಎಚ್‌ಐಯಲ್ಲಿ ಸೀರಂ 25, ಆಂಟಿಜನ್ 25, ರಕ್ತಕಣ 50. ಎರಡನೇ ಪ್ಲೇಟ್ ಓದುವಾಗ ಒಂದೂವರೆ ಗಂಟೆ ಕಳೆದಿತ್ತು, ಕೋಣೆ 30 ಡಿಗ್ರಿ. ಬ್ಯಾಕ್ ಟೈಟ್ರೇಷನ್ (ತೆಳು ಮಾಡಿದ ಆಂಟಿಜನ್ನಿನಲ್ಲಿ ನಿಜವಾಗಿ ಎಷ್ಟು ಯೂನಿಟ್ ಇದೆ ಎಂದು ಮತ್ತೆ ಅಳೆಯುವುದು) ಮಾಡಿಲ್ಲ.

ಉತ್ತರ 1:
ಕಂಟ್ರೋಲ್ ಸೀರಂ ಕೂಡ ಅಷ್ಟೇ ಏರಿದೆಯಲ್ಲ, ಹಾಗಾಗಿ ಕೋಳಿಗಳನ್ನೂ ಲಸಿಕೆಯನ್ನೂ ದೂರುವಂತಿಲ್ಲ. ಇಡೀ ಪ್ಲೇಟೇ ಜರುಗಿದೆ.

ಒಂದು ಲಾಗ್‌ಗೆ ಲೆಕ್ಕ ಸಿಗುತ್ತದೆ. 50 ಮೈಕ್ರೋಲೀಟರಿನಲ್ಲಿ ಅಳೆದ 1:128 ಎಂದರೆ 1:32ರಲ್ಲಿ 4 ಯೂನಿಟ್ ಇರುವುದು 50 ಮೈಕ್ರೋಲೀಟರಿಗೆ. ಎಚ್‌ಐಗೆ ಹಾಕಿದ್ದು 25, ಅಂದರೆ 2 ಯೂನಿಟ್. ಆಂಟಿಜನ್ ಅರ್ಧಕ್ಕಿಳಿದರೆ ಅದನ್ನು ತಡೆಯಲು ಅರ್ಧ ಆಂಟಿಬಾಡಿ ಸಾಕು, ಟೈಟರ್ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ಆ ಅಳತೆಯಲ್ಲೇ ಮಾಡುವುದಾದರೆ 50ಕ್ಕೆ 8 ಯೂನಿಟ್ ಬರುವಂತೆ 1:16ಕ್ಕೆ ತೆಳು ಮಾಡಬೇಕಿತ್ತು.

ಬ್ಯಾಕ್ ಟೈಟ್ರೇಷನ್ ಇದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಪ್ಲೇಟಿನ ನಾಲ್ಕು ಗುಣಿಗಳಿಗೆ 25 ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ), ಮೊದಲನೆಯದಕ್ಕೆ ಸಿದ್ಧ ಆಂಟಿಜನ್ 25, ಅಲ್ಲಿಂದ ಮುಂದಕ್ಕೆ ಎರಡು ಪಟ್ಟು ತೆಳು, ಕೊನೆಯದರಿಂದ 25 ಚೆಲ್ಲಿ. ಸೀರಂ ಬದಲಿಗೆ ಎಲ್ಲಕ್ಕೂ ಮತ್ತೆ 25 ಪಿಬಿಎಸ್, ಆಮೇಲೆ ಎಚ್‌ಐಗೆ ಹಾಕುವಷ್ಟೇ ರಕ್ತಕಣ. ಮೊದಲ ಎರಡು ಗುಣಿ ಮಾತ್ರ ಗುಚ್ಛಗಟ್ಟಿದರೆ 4 ಯೂನಿಟ್. ಒಂದೇ ಆದರೆ 2, ಮೂರಾದರೆ 8. ಸೀರಂ ಪ್ಲೇಟ್ ಹಾಕುವ ಮೊದಲೇ ಇದನ್ನು ನೋಡಿ. ಆಮೇಲೆ ನೋಡಿ ಪ್ರಯೋಜನವಿಲ್ಲ.

ಉತ್ತರ 2:
ಉಳಿದ ಒಂದು ಲಾಗ್ ಬಿಸಿಯಲ್ಲಿದೆ. ಈ ವೈರಸ್ಸಿಗೆ ನ್ಯೂರಾಮಿನಿಡೇಸ್ ಎಂಬ ಕಿಣ್ವ ಇದೆ. ಕಣಕ್ಕೆ ಅಂಟಿದ ವೈರಸ್ ಹೊತ್ತು ಕಳೆದಂತೆ ಅದೇ ಕಿಣ್ವದಿಂದ ಬಿಡಿಸಿಕೊಳ್ಳುತ್ತದೆ, ಬೆಚ್ಚಗಿದ್ದಷ್ಟೂ ಬೇಗ. ಗುಚ್ಛಗಟ್ಟಿ ಹರಡಿಕೊಂಡಿದ್ದ ಕಣಗಳು ಜಾರಿ ತಳಕ್ಕೆ ಅಂಗಿಯ ಗುಂಡಿಯಂತೆ ಇಳಿದುಬಿಡುತ್ತವೆ. ನೋಡಿದವರಿಗೆ ಅದು ತಡೆ ಅನ್ನಿಸುತ್ತದೆ. ಸುಮಾರು 20 ಡಿಗ್ರಿಯಲ್ಲಿ 40 ನಿಮಿಷಕ್ಕೆ ಓದಿ. ಕೋಣೆ ಅದಕ್ಕಿಂತ ಬಿಸಿಯಿದ್ದರೆ 4 ಡಿಗ್ರಿಯಲ್ಲಿ 60 ನಿಮಿಷ ಇಡಿ. ಗಡಿಯಾರಕ್ಕಿಂತ ಕಣಗಳ ಕಂಟ್ರೋಲ್ ಗುಣಿಯನ್ನು (ಕಣ ಮತ್ತು ಪಿಬಿಎಸ್ ಮಾತ್ರ ಇರುವುದನ್ನು) ನಂಬಿ: ಅಲ್ಲಿ ಗುಂಡಿ ಚೊಕ್ಕವಾಗಿ ಕೂತ ಕೂಡಲೇ ಓದಬೇಕು.

ಪ್ಲೇಟನ್ನು ಓರೆ ಮಾಡದೆ ಓದಬೇಡಿ. ಕಂಟ್ರೋಲ್ ಗುಣಿಯಲ್ಲಿ ಕಣಗಳು ಕಣ್ಣೀರಿನ ಹನಿಯಂತೆ ಇಳಿಯುತ್ತವೆ. ಅದೇ ವೇಗದಲ್ಲಿ ಇಳಿದ ಗುಣಿಗಳನ್ನಷ್ಟೇ ತಡೆ ಎಂದು ಎಣಿಸಿ. ಚೂರು ಜಾರಿ ನಿಂತದ್ದಕ್ಕೆ ಲೆಕ್ಕವಿಲ್ಲ.

ಉತ್ತರ 3:
ಇಬ್ಬರೂ ರಕ್ತಕಣದ ವಿಷಯ ಬಿಟ್ಟಿದ್ದೀರಿ. 1% ಎಂದರೆ ಮೂರು ಸಲ ಪಿಬಿಎಸ್‌ನಲ್ಲಿ ತೊಳೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕೂರಿಸಿದ ಕಣ 100 ಮೈಕ್ರೋಲೀಟರಿಗೆ 9.9 ಮಿಲಿಲೀಟರ್ ಪಿಬಿಎಸ್. ದಪ್ಪ ಕಣ ಟಿಪ್ಪಿನ ಹೊರಗೂ ಮೆತ್ತಿಕೊಳ್ಳುತ್ತದೆ, ಒರೆಸಿ ಬಿಡಿ. ತೊಟ್ಟಿಯಲ್ಲಿಟ್ಟ ಕಣ ಸುಮ್ಮನಿರದು, ತಳಕ್ಕಿಳಿಯುತ್ತಲೇ ಇರುತ್ತದೆ. ಪ್ರತಿ ಸಾಲಿಗೂ ಮೊದಲು ಅಲ್ಲಾಡಿಸದಿದ್ದರೆ ಸಾಲಿನಿಂದ ಸಾಲಿಗೆ ಸಾಂದ್ರತೆ ಬದಲಾಗುತ್ತದೆ. ಕನಿಷ್ಠ ಮೂರು ಕೋಳಿಗಳ ರಕ್ತ ಬೆರೆಸಿ. ಆ ಕೋಳಿಗಳಿಗೆ ಈ ಲಸಿಕೆ ಬಿದ್ದಿರಬಾರದು.

ಎರಡನೇ ಪ್ಲೇಟ್ ಬಿಸಾಡಿ. ಬ್ಯಾಕ್ ಟೈಟ್ರೇಷನ್ ಇಲ್ಲದ್ದರಿಂದ ಮೊದಲನೆಯದನ್ನೂ ನಾನು ಪ್ರಬಂಧಕ್ಕೆ ಹಾಕುವುದಿಲ್ಲ. ಇನ್ನು ಸರಾಸರಿ: ಲಾಗ್ ಸಂಖ್ಯೆಗಳದ್ದೇ ತೆಗೆಯಿರಿ. 6 ಮತ್ತು 8ರ ಸರಾಸರಿ 7, ಅಂದರೆ 1:128. ಅದನ್ನೇ 64 ಮತ್ತು 256 ಎಂದು ಕೂಡಿಸಿ ಭಾಗಿಸಿದರೆ 160 ಬರುತ್ತದೆ, ತಪ್ಪು.

ಪ್ರಶ್ನೆ ಕೇಳಿದವರು:
ಎಲ್ಲವನ್ನೂ 25ರಲ್ಲಿ ಮತ್ತೆ ಹಾಕುತ್ತೇವೆ. ಟರ್ಕಿ ಕೋಳಿಯ ಸೀರಂಗಳೂ ಇವೆ, ಹಾಗೇ ಹಾಕಬಹುದೇ?

ಉತ್ತರ 2:
ಬೇಡ. ಟರ್ಕಿಯ ಸೀರಂ ವೈರಸ್ ಇಲ್ಲದೆಯೇ ಕೋಳಿಯ ಕಣಗಳನ್ನು ಗುಚ್ಛಗಟ್ಟಿಸಬಹುದು. ಮೊದಲು ಸೀರಂ ಮತ್ತು ಕಣ ಮಾತ್ರ ಹಾಕಿ ನೋಡಿ. ಗುಚ್ಛಗಟ್ಟಿದರೆ ಅರ್ಧ ಮಿಲಿಲೀಟರ್ ಸೀರಂಗೆ ಕೂರಿಸಿದ ಕೋಳಿ ಕಣ 25 ಮೈಕ್ರೋಲೀಟರ್ ಬೆರೆಸಿ, ಮೆಲ್ಲಗೆ ಅಲ್ಲಾಡಿಸಿ ಅರ್ಧ ಗಂಟೆ ಬಿಡಿ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ 800 ಜಿಯಲ್ಲಿ (ಗುರುತ್ವದ 800 ಪಟ್ಟು ಬಲದಲ್ಲಿ) 2–5 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ಬಳಸಿ.