ಅಪ್‌ಡೇಟ್: ಚೆಸ್ಟರ್ ಬೋಲ್ಸ್ ಪತ್ರಗಳು ಸಿಕ್ಕಿದ ದಾರಿ

1951–53ರಲ್ಲಿ, ಮತ್ತೆ 1963–69ರಲ್ಲಿ ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಚೆಸ್ಟರ್ ಬೋಲ್ಸ್ ಅವರ ಪತ್ರಗಳು ಎಲ್ಲಿವೆ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ನೀವು ಹೇಳಿದ್ದು ಸರಿ, ಅವು ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಬೋಲ್ಸ್ ಓದಿದ್ದೂ ಯೇಲ್‌ನಲ್ಲೇ. ಯಾವ ಬಾಕ್ಸ್‌ನಲ್ಲಿ ಏನಿದೆ ಅನ್ನುವ ಪಟ್ಟಿಯನ್ನು ಮನೆಯಿಂದಲೇ ನೋಡಬಹುದು. ಅದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಆದರೆ ನಾನು ಒಂದು ವಿಷಯ ತಪ್ಪು ತಿಳಿದಿದ್ದೆ. ಎಲ್ಲವೂ ಒಂದೇ ಕಡೆ ಇರುತ್ತೆ ಅಂದುಕೊಂಡಿದ್ದೆ. ಸ್ವಂತ ಪತ್ರಗಳು, ಭಾಷಣದ ಕರಡುಗಳು ಅವರವು. ರಾಯಭಾರ ಕಚೇರಿಯ ಟೆಲಿಗ್ರಾಂಗಳು ಸರ್ಕಾರದ್ದು, ಅವನ್ನು ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಹುಡುಕಬೇಕು. 1967ರ ಮಾರ್ಚ್‌ನಲ್ಲಿ ಸ್ಟಾಲಿನ್ ಮಗಳು ಸ್ವೆಟ್ಲಾನಾ ಆಶ್ರಯ ಕೇಳಿ ದೆಹಲಿಯ ಆ ಕಚೇರಿಗೇ ಬಂದರು, ಆಗ ಬೋಲ್ಸ್ ಅವರೇ ರಾಯಭಾರಿ. ಆ ಒಂದು ದಿನದ ಕಥೆ ಪೂರ್ತಿ ಬೇಕಂದ್ರೂ ಎರಡೂ ಕಡೆ ನೋಡಬೇಕು, ಅಲ್ವಾ?

ಯೇಲ್ ಗ್ರಂಥಾಲಯಕ್ಕೆ ಮೊದಲು ಸುಮ್ನೆ ‘ಭಾರತದ ಬಗ್ಗೆ ಇರುವುದೆಲ್ಲ ಬೇಕು’ ಅಂತ ಬರೆದಿದ್ದೆ. ಈ ಸಲ ಬಾಕ್ಸ್, ಫೋಲ್ಡರ್ ನಂಬರ್ ಹಾಕಿಯೇ ಕೇಳಿದ್ದೇನೆ. ಸ್ಕ್ಯಾನ್ ಬಂದ ಕೂಡಲೇ ತಿಳಿಸುತ್ತೇನೆ.