ಪದಚರ್ಚೆ: ‘ಮೌಲ್ಯ’ವೋ ‘ಬೆಲೆ’ಯೋ? ಸಂಜೆಯೊಳಗೆ ಬೇಕು

ಕಡಲತಡಿ:
ಪ್ರದರ್ಶನದ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ಐದಕ್ಕೆ ಅಚ್ಚಿಗೆ ಹೋಗುತ್ತೆ. ವಿಷಯ: ಸಮುದ್ರದ ನೀರಿನ ಮೇಲೆ ಉಪಗ್ರಹದಿಂದ ನಿಗಾ ಇಡುವುದರ ಆರ್ಥಿಕ... ಇಲ್ಲೇ ಸಿಕ್ಕಿಕೊಂಡೆ. 2001ರಲ್ಲಿ ನೆದರ್ಲೆಂಡ್ಸ್‌ನ ಓಸ್ಟರ್‌ಸ್ಕೆಲ್ಡೆ ಅನ್ನುವ ಅಳಿವೆಯ ಬಾಯಲ್ಲಿ ಪಾಚಿ ವಿಪರೀತ ಬೆಳೆದು, ತಳಕ್ಕಿಳಿದು ಕೊಳೆತು, ಸುಮಾರು 1 ಕೋಟಿ ಕಿಲೋ ಪಚ್ಚಿಲೆ (ತಿನ್ನುವ ಕಡಲಚಿಪ್ಪು) ಸತ್ತವು. ನಷ್ಟ ಸುಮಾರು 2 ಕೋಟಿ ಯೂರೋ. ಮೊದಲೇ ಗೊತ್ತಾಗಿದ್ದರೆ ಒಂದಷ್ಟನ್ನಾದರೂ ಬೇರೆ ಕಡೆ ಸಾಗಿಸಬಹುದಿತ್ತು. ಹಾಗೆ ಮೊದಲೇ ಗೊತ್ತಾಗುವುದು ಎಷ್ಟಕ್ಕೆ ಸಮ ಅನ್ನೋದು ಪ್ರಶ್ನೆ. ‘ಮೌಲ್ಯ’ ಅಂದರೆ ನೀತಿಪಾಠದ ಹಾಗೆ ಕೇಳುತ್ತೆ. ‘ಬೆಲೆ’ ಅಂದರೆ ಉಪಗ್ರಹ ಹಾರಿಸಿದ ಖರ್ಚು ಅಂದುಕೊಳ್ತಾರೆ.

ಹಳೆಗರಿ:
‘ಮೌಲ್ಯ’ ತಪ್ಪು. ‘ಮೂಲ್ಯ’ ಸರಿ. ಮೂಲದಿಂದ ಬಂದದ್ದು. ಚರ್ಚೆ ಬೇಡ.

ಬಂದರುಹಾಡಿ:
‘ಮೌಲ್ಯ’ ಸಂಸ್ಕೃತ ನಿಘಂಟಿನಲ್ಲೂ ಅದೇ ಅರ್ಥಕ್ಕೆ ಇದೆ, ತೆಗೆದು ನೋಡಿ. ‘ಮೂಲ್ಯಮಾಪನ’ ಅನ್ನುವ ಮೇಷ್ಟ್ರನ್ನು ನಾನಂತೂ ಕಂಡಿಲ್ಲ.
ಕಡಲತಡಿಯವರೇ, ಪದ ನಿಮ್ಮ ಕೈಲೇ ಇದೆ: ಬಾಳು. ಸಂತೆಯಲ್ಲಿ "ಈ ಹೋರಿ ಎಷ್ಟು ಬಾಳುತ್ತೆ?" ಅಂತೀವಲ್ಲ. ಮಾರುವವನು ಹೇಳೋದು ಬೆಲೆ. ಅಷ್ಟು ಬಾಳುತ್ತೋ ಇಲ್ವೋ ಬೇರೆ ಮಾತು. ಉಪಗ್ರಹದ ಚಿತ್ರವೂ ಹಾಗೇ. ಪಾಚಿ ಕಂಡ ಮೇಲೂ ಪಚ್ಚಿಲೆ ಇದ್ದಲ್ಲೇ ಇದ್ದರೆ ಆ ಚಿತ್ರ ಮೂರು ಕಾಸೂ ಬಾಳಲ್ಲ. ಮೋಡ ಮುಚ್ಚಿದ ದಿನ ಮೇಲಿಂದ ನೀರಿನ ಬಣ್ಣವೇ ಕಾಣದು. ಆವತ್ತು ದೋಣಿಯಲ್ಲಿ ಹೋಗಿ ನೀರು ಮೊಗೆದು ತಂದದ್ದೇ ಜಾಸ್ತಿ ಬಾಳುತ್ತೆ.

ಹಳೆಗರಿ:
ಹೋರಿ ಸಂತೆಯ ಮಾತು ಫಲಕಕ್ಕೆ ಸಲ್ಲದು. ಸುಮ್ನೆ ಕಾಗದ ಖರ್ಚು. ಅದಿರಲಿ, ‘ನಿಗಾ’ ಯಾಕೆ? ಪಾರಸಿ ಪದ. ‘ಕಣ್ಗಾವಲು’ ಅನ್ನಿ.

ಎರಡೆಳೆ:
‘ಕಾಗದ’, ‘ಖರ್ಚು’ ಎರಡೂ ಪಾರಸಿ ಕಡೆಯವೇ, ಸ್ವಾಮಿ. ಕಣ್ಗಾವಲು ಇಡೋದು ಕಳ್ಳರ ಮೇಲೆ. ನಿಗಾ ಆದರೆ ಜ್ವರ ಬಂದ ಮಗುವಿನ ಮೇಲೂ ಇಡ್ತೀವಿ. ನೀರಿಗೆ ಅದೇ ಹೊಂದುತ್ತೆ. ಎರವಲು ಪದ ಒಂದೂ ಬೇಡ ಅಂದರೆ ‘ಉಪಗ್ರಹ’ವನ್ನೂ ಇಳಿಸಬೇಕಾಗುತ್ತೆ, ಅಲ್ವಾ?

ಹಳೆಗರಿ:
ಸಂಸ್ಕೃತ ಎರವಲಲ್ಲ.

ಎರಡೆಳೆ:
ಶುರುವಾಯ್ತು.

ಕಡಲತಡಿ:
ಅಚ್ಚಿಗೆ ಕಳಿಸಿದೆ. ತಲೆಬರಹ: "ಕಡಲ ಮೇಲೆ ಉಪಗ್ರಹದ ನಿಗಾ: ಎಷ್ಟು ಬಾಳುತ್ತದೆ?" ಒಳಗೆ ಲೆಕ್ಕ ಬರುವ ಕಡೆ ‘ಮೌಲ್ಯ’ವನ್ನೇ ಉಳಿಸಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಹಳೆಗರಿ:
ಮೂಲ್ಯ.