ದಸ್ತಾನಾದ ಚಿನ್ನದ ಅಡಿಯಿಂದ ತುಕ್ಕು ಬೆವರ್ತಾ ಉಂಟು, ಎಂಥ ಮಾಡುವುದು?

ಪಡುಗಾಳಿ: ಮೂರು ವಾರದಿಂದ ತಲೆ ಕೆಟ್ಟಿದೆ ಮಾರಾಯ್ರೆ. ನನ್ನ ಹತ್ರ ಒಂದು ಬಲಗೈ ದಸ್ತಾನಾ ಉಂಟು, ಹಳೇ ಕಾಲದವರು ಮುಂಗೈಗೆ ಹಾಕುತ್ತಿದ್ದ ಉಕ್ಕಿನ ಕವಚ. ಉಕ್ಕಿನ ಮೇಲೆ ಚಿನ್ನದ ಕೋಫ್ತಗಾರಿ ಕುಸುರಿ, ಮಣಿಕಟ್ಟಿನ ಪಟ್ಟಿಯಲ್ಲಿ ಹೂಬಳ್ಳಿ. ತುಕ್ಕು ಒರೆಸಿದರೆ ಹೋಗ್ತದೆ, ಎರಡು ದಿನ ಬಿಟ್ಟು ನೋಡಿದರೆ ಅದೇ ಜಾಗಕ್ಕೆ ವಾಪಸ್. ಪುಡಿ ತುಕ್ಕಲ್ಲ, ಸಾಸಿವೆ ಕಾಳಿನಷ್ಟು ಕೇಸರಿ ಹನಿ, ಮುಟ್ಟಿದರೆ ಒದ್ದೆ. ನಿನ್ನೆ ಬಳ್ಳಿಯ ಒಂದು ಎಲೆ ಬಟ್ಟೆಗೇ ಅಂಟಿಕೊಂಡು ಬಂತು. ಎಲ್ಲ ಮಾಡಿ ಆಯ್ತು. "ಎಣ್ಣೆ ಹಚ್ಚಿ" ಅಂತ ಯಾರೂ ಹೇಳ್ಬೇಡಿ, ಹಚ್ಚಿದ್ದೇನೆ.

ಚಾಮುಂಡಿಬೆಟ್ಟ: ಊರು ಯಾವುದು ಸರ್?

ಪಡುಗಾಳಿ: ಸುರತ್ಕಲ್. ಕಡಲು ಮನೆಯಿಂದ ಒಂದು ಕಿಲೋಮೀಟರ್.

ಚಾಮುಂಡಿಬೆಟ್ಟ: ಮತ್ತೇನು ಕೇಳ್ತೀರಾ, ಉಪ್ಪುಗಾಳಿ ಕಣ್ರೀ. ಕರಾವಳಿಯಲ್ಲಿ ಕಬ್ಬಿಣ ಇಟ್ಕೊಳ್ಳೋದೇ ತಪ್ಪು. ಮೈಸೂರಲ್ಲಿ ನನ್ನ ಚಹಾರ್ ಆಯಿನಾ, ಅಂದ್ರೆ ಉಕ್ಕಿನ ಹಲಗೆಯ ಮೈಗವಚ, ಹನ್ನೊಂದು ವರ್ಷದಿಂದ ಗೋಡೆ ಮೇಲಿದೆ, ನಾಲ್ಕು ಹಲಗೆಯಲ್ಲೂ ಒಂದು ಚುಕ್ಕೆ ಇಲ್ಲ.

ಉಕ್ಕಿನಮೂಟೆ: ಗೋಡೆ ಮೇಲಾ? ಅಯ್ಯೋ ದೇವರೇ. ನಾನು ಕ್ಯಾಮೆರಾದವರು ಲೆನ್ಸ್ ಇಡೋ ಡ್ರೈ ಕ್ಯಾಬಿನೆಟ್ ತಗೊಂಡಿದೀನಿ, ದೊಡ್ಡದು. ತೇವಾಂಶ 40ರ ಮೇಲೆ ಹೋಗಲ್ಲ. ಒಳಗೆ ಒಂದು ಕುಲಾಹ್ ಖೂದ್ ಶಿರಸ್ತ್ರಾಣ, ಮೂಗುಪಟ್ಟಿ, ಎರಡೂ ಗರಿಗೊಳವೆ, ಮೇಲಿನ ಮೊನೆ ಎಲ್ಲ ಮೂಲದ್ದೇ. ಪಕ್ಕದಲ್ಲಿ ಢಾಲು, ಅಪ್ಪಟ ಜೌಹರ್ ಉಕ್ಕು, ಮೈಮೇಲೆ ಅಲೆಅಲೆ ಗೆರೆ ಇರೋದು. ಫೋಟೋ ಹಾಕ್ಲಾ?

ಗೋಳಗುಮ್ಮಟ: ನಿಮ್ಮ ಢಾಲು ಈಗ ಯಾರ್ ಕೇಳ್ಯಾರ್ರೀ? ಪಡುಗಾಳಿಯವರ, ಅದು ಖರೇ ಕೋಫ್ತಗಾರಿನೋ, ಪಾದರಸದಾಗ ಚಿನ್ನ ಕಲಿಸಿ ಬಳದ ಮುಲಾಮೋ, ಮೊದಲು ಅದನ್ನ ನೋಡ್ರಿ. ಎಲೆ ಕಿತ್ತು ಬಂದ ಜಾಗಾದಾಗ ಲೆನ್ಸ್ ಹಿಡೀರಿ. ಉಳಿಯಿಂದ ಅಡ್ಡ-ಉದ್ದ ಗೀರಿದ ಸಣ್ಣ ಜಾಲರಿ ಕಂಡ್ರ ಕೋಫ್ತಗಾರಿ. ಆ ಗೀರಿಗೆ ಚಿನ್ನದ ತಂತಿ ಇಟ್ಟು ಬಡದು ಕೂರಿಸಿರ್ತಾರ. ಜಾಲರಿ ಇಲ್ಲಂದ್ರ ಬರೇ ಮುಲಾಮು.

ಪಡುಗಾಳಿ: ಜಾಲರಿ ಉಂಟು. ಸೊಳ್ಳೆಪರದೆಯ ಹಾಗೆ ಕಾಣ್ತದೆ, ಗೀರುಗಳ ಒಳಗೂ ಕೇಸರಿ. ಕೈಬೆರಳಿನ ಕಡೆ ಸಣ್ಣ ಸಣ್ಣ ಉಕ್ಕಿನ ಬಳೆ ಹೆಣೆದ ಬಳೆಜಾಲ ಉಂಟಲ್ಲ, ಅದರಲ್ಲೂ ಹನಿ. ಬಳೆಗಳಿಗೆ ರಿವೆಟ್ ಇಲ್ಲ, ತುದಿಗೆ ತುದಿ ಮುಟ್ಟಿಸಿ ಬಿಟ್ಟಿದ್ದಾರೆ.

ಗೋಳಗುಮ್ಮಟ: ರಿವೆಟ್ ಇಲ್ಲಂದ್ರ ಬಹುಶಃ 19ನೇ ಶತಮಾನದ್ದು. ಯುದ್ಧಕ್ಕಲ್ಲ, ಮೆರವಣಿಗಿಗೆ. ಖಾಜಾರ್ ಅರಸರ ಕಾಲದ ಇರಾನಿನದು ಅನಸ್ತದ.

ಚಾಮುಂಡಿಬೆಟ್ಟ: ರಿವೆಟ್ ಇಲ್ಲ ಅಂದ ತಕ್ಷಣ ಇರಾನ್ ಅಂತೀರಲ್ಲ! ಪಂಜಾಬಲ್ಲೂ ಹಾಗೇ ಮಾಡ್ತಿದ್ರು. ಸಿಯಾಲ್‌ಕೋಟ್ ಹತ್ತಿರ ಕೋಟ್ಲಿ ಲೋಹಾರಾನ್ ಅಂತ ಊರೇ ಇದೆ, ಕೋಫ್ತಗಾರರದ್ದು. 1849ರಲ್ಲಿ ಬ್ರಿಟಿಷರು ಪಂಜಾಬ್ ನುಂಗಿದ ಮೇಲೆ ಕವಚ ಕೇಳೋರಿಲ್ಲದೆ ಅವರು ತಟ್ಟೆ, ಡಬ್ಬಿ, ಮಸಿಕುಡಿಕೆ ಮಾಡೋಕೆ ಇಳಿದ್ರು.

ಗೋಳಗುಮ್ಮಟ: ಖಾಜಾರಿನವ್ರು ಆ್ಯಸಿಡ್‌ನಾಗ ಕೊರದು ಮನುಷ್ಯರ ಚಿತ್ರ, ಸೂರ್ಯನ ಮುಖ ಹಾಕ್ತಿದ್ರು. ಅಂಥಾದ್ದು ಏನರ ಅದ ಏನು?

ಪಡುಗಾಳಿ: ಬರೀ ಹೂಬಳ್ಳಿ. ಅದು ಇರಾನೋ ಪಂಜಾಬೋ ನನಗೆ ಈಗ ಬೇಡ ಮಾರಾಯ್ರೆ. ಚಿನ್ನ ಹೋಗ್ತಾ ಉಂಟು.

ಚಾಮುಂಡಿಬೆಟ್ಟ: ಹೇಳಿದ್ನಲ್ಲ, ಉಪ್ಪುಗಾಳಿ. ಘಟ್ಟದ ಮೇಲೆ ಯಾರಾದ್ರೂ ನೆಂಟರ ಮನೇಲಿಡಿ.

ಪಡುಗಾಳಿ: ಅದೇ ಗೋಡೆಯಲ್ಲಿ ಅಜ್ಜನ ಎರಡು ಕತ್ತಿ ಉಂಟು. ಅವಕ್ಕೆ ಏನೂ ಆಗ್ಲಿಲ್ಲ. ಉಪ್ಪುಗಾಳಿ ಲೆಕ್ಕ ಹಾಕಿ ಬರ್ತದಾ?

ಬ್ಯೂರೆಟ್ಟು: ಧಾರವಾಡದಿಂದ, ಕೆಮಿಸ್ಟ್ರಿ ಮಾಸ್ತರ. ಎಲ್ಲಾ ಓದೀನಿ. ಮೂರು ವಾರದ ಹಿಂದ ಏನಾತು, ಅದನ್ನ ಯಾರೂ ಕೇಳಿಲ್ಲಲ್ರೀ. ಯಾವುದರಿಂದ ತೊಳೆದ್ರಿ?

ಪಡುಗಾಳಿ: ಅದೆಂಥ ಹೇಳುವುದು, ಮಾಮೂಲಿ. ಆಯುಧಪೂಜೆಗೆ ಅಮ್ಮ ದೀಪ, ಹರಿವಾಣ ಎಲ್ಲ ತಿಕ್ಕುವಾಗ ಇದನ್ನೂ ತಿಕ್ಕಿಕೊಟ್ಟರು. ಹುಣಸೆಹಣ್ಣು, ಉಪ್ಪು. ಫಳಫಳ ಆಗಿತ್ತು. ಮೇಲೆ ತೆಂಗಿನೆಣ್ಣೆ ಹಚ್ಚಿದೆ.

ಗೋಳಗುಮ್ಮಟ: ಯಪ್ಪಾ. ಇದನ್ನ ಈಗ ಹೇಳ್ತೀರಿ?

ಬ್ಯೂರೆಟ್ಟು: ಉಪ್ಪಂದ್ರ ಕ್ಲೋರೈಡು. ಹುಣಸಿಹುಳಿ ಉಕ್ಕಿನ ಮೈ ಬಿಚ್ಚಿತು, ಉಪ್ಪು ಗೀರಿನೊಳಗ ಇಳೀತು. ಚಿನ್ನ, ಉಕ್ಕು, ನಡುವ ಉಪ್ಪುನೀರು, ಇವು ಮೂರು ಸೇರಿದ್ರ ಸಣ್ಣ ಬ್ಯಾಟರಿನೇ ಆತು. ಚಿನ್ನ ಆರಾಮ ಕೂತಿರ್ತದ, ಅದರ ಅಂಚಿಗಿರೋ ಉಕ್ಕು ಕರಗ್ತದ. ಎಲೆ ಅದಕ್ಕ ಎದ್ದು ಬಂತು. ಒದ್ದೆ ಕೇಸರಿ ಹನಿ ಕ್ಲೋರೈಡಿನ ಗುರುತು. ಎಣ್ಣಿ ಹಚ್ಚಿ ನೀವು ಅದನ್ನ ಒಳಗ ಹಾಕಿ ಕೀಲಿ ಹಾಕೀರಿ. ಅಜ್ಜನ ಕತ್ತಿ ತಾಯಿ ತಿಕ್ಕಿದ್ರೇನು?

ಪಡುಗಾಳಿ: ಇಲ್ಲ. ಅವಕ್ಕೆ ಬರೀ ಅರಸಿನ ಕುಂಕುಮ.

ಚಾಮುಂಡಿಬೆಟ್ಟ: ಸರಿ, ಆದ್ರೂ ಗಾಳಿಯ ತೇವ ಇಲ್ದಿದ್ರೆ ಇಷ್ಟಾಗ್ತಿರಲಿಲ್ಲ ಅನ್ನೋದಂತೂ ನಿಜ.

ಉಕ್ಕಿನಮೂಟೆ: ಟ್ಯಾನಿಕ್ ಆ್ಯಸಿಡ್ ಬಳಿದುಬಿಡಿ, ತುಕ್ಕು ಅಲ್ಲೇ ನಿಲ್ಲುತ್ತೆ. ಇಲ್ಲಾಂದ್ರೆ ಲಂಡನ್ನಿಗೆ ಕಳಿಸಿ.

ಬ್ಯೂರೆಟ್ಟು: ಟ್ಯಾನಿಕ್ ಹಚ್ಚಿದ್ರ ಚಿನ್ನದ ಸುತ್ತ ಉಕ್ಕೆಲ್ಲಾ ನೀಲಿಗಪ್ಪು ಆಗ್ತದ, ಆಮೇಲೆ ಅತ್ತರೂ ಹೋಗೂದಿಲ್ಲ. ಇನ್ನು ಲಂಡನ್ನು. ನೂರು ವರ್ಷ ದಾಟಿದ್ದನ್ನ ಖಾಸಗಿಯವರು ದೇಶದ ಹೊರಗ ಕಳಸೂಹಂಗಿಲ್ಲ, 1972ರ ಕಾಯ್ದೆ ಅದ. ಬ್ಯಾಟರಿ ಅಂಗಡಿಯಾಗ ಡಿಸ್ಟಿಲ್ಡ್ ವಾಟರ್ ತರ್ರಿ, ಲೇಬಲ್ ನೋಡ್ರಿ, ಆ್ಯಸಿಡ್ ಕೊಟ್ಟಾರು. ಮೊದಲು ಸ್ಪಿರಿಟ್‌ನಿಂದ ಎಣ್ಣಿ ತಗೀರಿ. ಚಿನ್ನದ ಭಾಗಾ ಮುಳುಗಿಸಬ್ಯಾಡ್ರಿ, ಹತ್ತಿ ಕಡ್ಡಿಯಿಂದ ಒತ್ತಿ ಒತ್ತಿ ಎತ್ತರಿ, ಉಜ್ಜಬ್ಯಾಡ್ರಿ. ಬಳೆಜಾಲ ಅಷ್ಟೇ ನೀರಾಗ ಇಳಿಬಿಡ್ರಿ. ಆ ನೀರಾಗ ಸ್ವಲ್ಪ ಬ್ಯಾರೆ ಗ್ಲಾಸಿಗೆ ತಗೊಂಡು, ಅದಕ್ಕ ಒಂದು ಹನಿ ನೈಟ್ರಿಕ್ ಆ್ಯಸಿಡ್, ಎರಡು ಹನಿ ಸಿಲ್ವರ್ ನೈಟ್ರೇಟ್. ಬೆಳ್ಳಗಾತು ಅಂದ್ರ ಉಪ್ಪು ಇನ್ನೂ ಬರಾಕತ್ತದ, ನೀರು ಬದಲಿಸ್ರಿ. ಖಾಲಿ ನೀರಿಗೂ ಒಮ್ಮೆ ಹಾಕಿ ನೋಡ್ಕೋರಿ, ಅದು ಬೆಳ್ಳಗಾದ್ರ ಅಂಗಡಿಯವಗ ವಾಪಸ್ ಕೊಡ್ರಿ. ಪ್ರತಿ ಸಲ ಕಡೀಕ ಅಸಿಟೋನ್, ಆಮೇಲೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್. ಒಂದು ತಿಂಗಳು ಹನಿ ಏಳದಿದ್ರ ಮೈಕ್ರೋಕ್ರಿಸ್ಟಲಿನ್ ಮೇಣ, ತೆಳ್ಳಗ. ಚಿನ್ನ ಇನ್ನೂ ಏಳಾಕತ್ತಿದ್ರ ಕೈ ಬಿಟ್ಟು ಬೆಂಗಳೂರಿನ ಇಂಟ್ಯಾಕ್ (ಪರಂಪರೆ ಉಳಿಸೋ ಸಂಸ್ಥೆ) ಸಂರಕ್ಷಣಾ ಕೇಂದ್ರದವರನ್ನ ಕೇಳ್ರಿ.

ಉಕ್ಕಿನಮೂಟೆ: ನನ್ನ ಢಾಲಿಗೆ ಫೆರಿಕ್ ಕ್ಲೋರೈಡ್ ಹಾಕಿ ಜೌಹರ್ ಎಬ್ಬಿಸಿದೆ. ನೀರಿನ ಅಲೆ ಹಾಗೆ ಬಂದಿದೆ. ಏನೂ ಆಗಿಲ್ಲ.

ಬ್ಯೂರೆಟ್ಟು: ಅದರಾಗೂ ಕ್ಲೋರೈಡ್ ಅದ ರೀ. ಸರಿಯಾಗಿ ತೊಳದೀರೇನು?

ಪಡುಗಾಳಿ: ಎಂಟು ದಿನ ಆಯ್ತು, ಹೇಳುವಾ ಅಂತ ಬಂದೆ. ಖಾಲಿ ನೀರು ತಿಳಿ. ಬಳೆಜಾಲದ ಮೊದಲ ನೀರು ಮಜ್ಜಿಗೆಯ ಹಾಗೆ ಆಯ್ತು. ಐದನೆಯದು ಅಕ್ಕಿ ತೊಳೆದ ನೀರಿನಷ್ಟು. ನಿಲ್ಲಿಸಿಲ್ಲ. ಎಲೆಯನ್ನು ಬೆಂಕಿಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಡಬ್ಬಿ ಅಮ್ಮನ ಹಪ್ಪಳದ್ದು, ದಿನಾ ಎರಡು ಸಲ ಕೇಳ್ತಾರೆ.

ಉಕ್ಕಿನಮೂಟೆ: ಮಾಸ್ಟ್ರೇ, ಢಾಲಿನ ಹಿಡಿಕೆಯ ಹತ್ತಿರ ಒಂದು ಕೇಸರಿ ಹನಿ ಕಂಡಿದೆ. ಮೆಸೇಜ್ ಮಾಡ್ಲಾ?